ಎತ್ತರಿಸಿದ ಜೀಪಿಗೆ ಶಾಕ್ ಅಬ್ಸಾರ್ಬರ್ ಮತ್ತು ಚಕ್ರಗಳ ಆಯ್ಕೆ: ತಂತ್ರ, ಕಾನೂನು, ಲೆಕ್ಕ

ಕೊಡಗು, ಚಿಕ್ಕಮಗಳೂರು ಹಾಗೂ ಸಕಲೇಶಪುರದ ಕಾಫಿ ತೋಟಗಳಲ್ಲಿ ಜೀಪು ಎಂಬುದು ವಿಲಾಸದ ವಸ್ತುವಲ್ಲ. ಗೊಬ್ಬರದ ಚೀಲ, ಪಂಪ್‌ಸೆಟ್, ಆಳುಗಳು, ಕೊಯ್ಲಾದ ಹಣ್ಣು ಎಲ್ಲವನ್ನೂ ಮಳೆಗಾಲದ ಕೆಸರಿನಲ್ಲಿ ಹೊರುವ ದುಡಿಮೆಯ ಸಾಧನವದು. ಮಡಿಕೇರಿಯ ಸಮೀಪದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಜೀಪುಗಳಿಗೆ ಅದೇ ಅನ್ನದ ದಾರಿ. 2020ರ ಅಕ್ಟೋಬರ್ 2ರಂದು ಮಹೀಂದ್ರ ಸಂಸ್ಥೆಯ ಎರಡನೆಯ ತಲೆಮಾರಿನ ಥಾರ್, 2023ರ ಜೂನ್‌ನಲ್ಲಿ ಮಾರುತಿ ಸುಜುಕಿಯ ಐದು ಬಾಗಿಲುಗಳ ಜಿಮ್ನಿ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ವಾಹನಗಳು ನಗರಗಳ ವರ್ತಕರ ಮನೆಯಂಗಳಕ್ಕೂ ಬಂದಿವೆ. ಅವುಗಳ ಬೆನ್ನಿಗೇ ವಾಹನವನ್ನು ಎರಡು ಅಂಗುಲ ಎತ್ತರಿಸುವ 'ಲಿಫ್ಟ್ ಕಿಟ್', ದೊಡ್ಡ ಟೈರು, ಅಗಲವಾದ ಡಿಸ್ಕುಗಳ ವ್ಯಾಪಾರವೂ ಬೆಳೆದಿದೆ.

ಈ ವ್ಯವಹಾರದಲ್ಲಿ ಹಣ ಹೂಡುವವರು ಮೂರು ಬಗೆಯವರು: ವಾಹನದ ಮಾಲೀಕರು, ಬಿಡಿಭಾಗಗಳ ಮಾರಾಟಗಾರರು, ಹಾಗೂ ಸ್ಪೇಸರ್, ಬ್ರಾಕೆಟ್ ಮೊದಲಾದವುಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು. ಮೂವರಿಗೂ ನಷ್ಟದ ಮೂಲ ಬಹುತೇಕ ಒಂದೇ: ಕಣ್ಣಿಗೆ ಕಾಣುವ ಎತ್ತರಕ್ಕೆ ಬೆಲೆ ಕೊಟ್ಟು, ಕಣ್ಣಿಗೆ ಕಾಣದ ಅಳತೆಗಳನ್ನು ಕೇಳದೆ ಬಿಡುವುದು.

ಎತ್ತರದಿಂದ ದೊರೆಯುವುದು ಏನು?

ಸ್ಪ್ರಿಂಗ್ ಬದಲಿಸಿ ವಾಹನವನ್ನು 50 ಮಿ.ಮೀ. ಎತ್ತರಿಸಿದರೆ ನೆಲದಿಂದ ವಾಹನದ ಅಂತರವೂ 50 ಮಿ.ಮೀ. ಹೆಚ್ಚುವುದೆಂದು ಬಹು ಮಂದಿ ಭಾವಿಸುತ್ತಾರೆ. ಇದು ಅರ್ಧ ಸತ್ಯ. ಜಿಮ್ನಿಯ ಮುಂದೆಯೂ ಹಿಂದೆಯೂ ಇರುವುದು ಇಡಿಯಾದ ಆಕ್ಸಲ್. ಡಿಫರೆನ್ಶಿಯಲ್‌ನ ಗುಂಡು ಆಕ್ಸಲ್‌ನೊಡನೆ ಚಕ್ರಗಳ ಮೇಲೆಯೇ ಕುಳಿತಿರುತ್ತದೆ. ಸ್ಪ್ರಿಂಗ್ ಎತ್ತುವುದು ಚಾಸಿಯನ್ನು, ಆಕ್ಸಲನ್ನಲ್ಲ. ಆದ್ದರಿಂದ ರಸ್ತೆಯ ನಡುವಿನ ಬಂಡೆಗೆ ಬಡಿಯುವ ಡಿಫರೆನ್ಶಿಯಲ್, ಲಿಫ್ಟ್ ಕಿಟ್ ಹಾಕಿದ ಮೇಲೂ ಅದೇ ಬಂಡೆಗೆ ಬಡಿಯುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಮಾತ್ರ. ಥಾರ್‌ನಲ್ಲಿ ಹಿಂದೆ ಇಡಿಯಾದ ಆಕ್ಸಲ್ ಇದ್ದರೂ ಮುಂದಿನ ಚಕ್ರಗಳು ಸ್ವತಂತ್ರವಾಗಿ ಚಲಿಸುತ್ತವೆ. ಅಲ್ಲಿ ಮುಂದಿನ ಡಿಫರೆನ್ಶಿಯಲ್ ಚಾಸಿಯೊಡನೆ ಮೇಲೇರುತ್ತದೆ. ಆದರೆ ಅದರಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್‌ಗಳು ಇಳಿಜಾರಾಗಿ ನಿಂತು, ಕೀಲುಗಳ ಮೇಲೆ ಸತತ ಒತ್ತಡ ಬೀಳುತ್ತದೆ. ಸ್ವತಂತ್ರ ಸಸ್ಪೆನ್ಷನ್‌ನ ವಾಹನವನ್ನು ಮಿತಿಮೀರಿ ಎತ್ತರಿಸಬಾರದೆನ್ನುವುದು ಈ ಕಾರಣಕ್ಕಾಗಿ.

ಹಾಗೆಂದು ಸ್ಪ್ರಿಂಗ್‌ನಿಂದ ಪ್ರಯೋಜನವೇ ಇಲ್ಲವೆಂದಲ್ಲ. ಐದು ಬಾಗಿಲಿನ ಜಿಮ್ನಿಯ ಮುಂದು ಹಿಂದಿನ ಚಕ್ರಗಳ ನಡುವಿನ ಅಂತರ 2590 ಮಿ.ಮೀ. ಮೂರು ಬಾಗಿಲಿನದಕ್ಕೆ ಅದು 2250 ಮಿ.ಮೀ. ಉದ್ದವಾದ ವಾಹನದ ಹೊಟ್ಟೆ ದಿಬ್ಬದ ನೆತ್ತಿಗೆ ಬೇಗ ತಾಗುತ್ತದೆ. ಚಾಸಿ ಏರಿದರೆ ಈ ತಾಗುವಿಕೆ ತಪ್ಪುತ್ತದೆ, ಬಂಪರುಗಳು ಏರಿನ ಬುಡಕ್ಕೆ ಉಜ್ಜುವುದು ಕಡಿಮೆಯಾಗುತ್ತದೆ, ದೊಡ್ಡ ಟೈರಿಗೆ ಮಡ್‌ಗಾರ್ಡ್‌ನೊಳಗೆ ಜಾಗ ದೊರೆಯುತ್ತದೆ. ತೋಟದ ದಾರಿಯಲ್ಲಿ ಯಾವ ಭಾಗ ಎಲ್ಲಿ ತಾಗುತ್ತದೆಂಬುದನ್ನು ಮೊದಲು ವಾಹನದ ಅಡಿಯಲ್ಲಿ ಬಗ್ಗಿ ನೋಡುವುದಕ್ಕೆ ಖರ್ಚಿಲ್ಲ. ಗೀರು ಬಿದ್ದಿರುವುದು ಡಿಫರೆನ್ಶಿಯಲ್ ಮೇಲೆ ಮಾತ್ರವಾದರೆ ಸ್ಪ್ರಿಂಗ್‌ಗೆ ಸುರಿಯುವ ಹಣ ವ್ಯರ್ಥ.

ಶಾಕ್ ಅಬ್ಸಾರ್ಬರ್: ಉದ್ದವೇ ಮೊದಲ ಪ್ರಶ್ನೆ

ವಾಹನದ ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್‌ನ ಕುಣಿತವನ್ನು ಅಡಗಿಸುವುದು ಶಾಕ್. ಕೊಳವೆಯೊಳಗಿನ ಎಣ್ಣೆಯನ್ನು ಪಿಸ್ಟನ್‌ನ ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ಹಾಯಿಸಿ, ಚಲನೆಯ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದೇ ಅದರ ಕೆಲಸ. ಗ್ರಾಹಕರು ಸಾಮಾನ್ಯವಾಗಿ ಬ್ರಾಂಡನ್ನು ಕೇಳುತ್ತಾರೆ. ಕೇಳಬೇಕಾದುದು ಎರಡು ಅಳತೆಗಳನ್ನು: ಪೂರ್ಣ ಮುಚ್ಚಿದಾಗಿನ ಉದ್ದ ಮತ್ತು ಪೂರ್ಣ ಬಿಚ್ಚಿದಾಗಿನ ಉದ್ದ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಮೂಲ ಶಾಕ್‌ನ ಮುಚ್ಚಿದ ಉದ್ದ 340 ಮಿ.ಮೀ., ಬಿಚ್ಚಿದ ಉದ್ದ 540 ಮಿ.ಮೀ., ವಾಹನ ಸಮತಟ್ಟಾದ ನೆಲದಲ್ಲಿ ನಿಂತಾಗ ಅದರ ಉದ್ದ 440 ಮಿ.ಮೀ. ಎಂದಿಟ್ಟುಕೊಳ್ಳೋಣ. ಅಂದರೆ ಚಕ್ರ ಮೇಲೇರಲು 100, ಕೆಳಗಿಳಿಯಲು 100 ಮಿ.ಮೀ. ಅವಕಾಶ. ಈಗ ಸ್ಪ್ರಿಂಗ್‌ನ ತಲೆಯ ಮೇಲೆ ಸ್ಪೇಸರ್ ಇಟ್ಟು 50 ಮಿ.ಮೀ. ಎತ್ತರಿಸಿ, ಶಾಕನ್ನು ಹಳೆಯದೇ ಉಳಿಸಿದರೆ ನಿಂತಾಗಿನ ಉದ್ದ 490 ಆಗುತ್ತದೆ. ಚಕ್ರ ಕೆಳಗಿಳಿಯಲು ಉಳಿದದ್ದು ಕೇವಲ 50 ಮಿ.ಮೀ. ಗುಂಡಿಗೆ ಇಳಿದ ಚಕ್ರ ಅರ್ಧದಾರಿಯಲ್ಲೇ ತಡೆದು ನಿಲ್ಲುತ್ತದೆ, ನೆಲದ ಹಿಡಿತ ಬಿಡುತ್ತದೆ. ಆಕ್ಸಲ್‌ನ ಭಾರ ಶಾಕ್‌ನ ಕಡ್ಡಿಗೂ ಅದರ ಬೋಲ್ಟಿಗೂ ನೇತುಬೀಳುತ್ತದೆ. ಎತ್ತರಿಸುವ ಮೊದಲು ಸಲೀಸಾಗಿ ಏರುತ್ತಿದ್ದ ಓರೆಕೋರೆ ದಾರಿಯಲ್ಲಿ ಎತ್ತರಿಸಿದ ಮೇಲೆ ಚಕ್ರ ಗಾಳಿಯಲ್ಲಿ ತಿರುಗಿತೆಂಬ ದೂರುಗಳ ಮೂಲ ಬಹಳ ಸಲ ಇದೇ ಆಗಿರುತ್ತದೆ.

ಇದೇ ವಾಹನಕ್ಕೆ ಮುಚ್ಚಿದಾಗ 365, ಬಿಚ್ಚಿದಾಗ 590 ಮಿ.ಮೀ. ಉದ್ದದ ಶಾಕ್ ಹಾಕಿದರೆ ಇಳಿಯುವ ಅವಕಾಶ ಮತ್ತೆ 100 ಆಗುತ್ತದೆ, ಏರುವ ಅವಕಾಶ 125. ಆದರೆ ಹೊಸ ಶಾಕ್ 25 ಮಿ.ಮೀ. ಬೇಗ ಮುಚ್ಚಿಕೊಳ್ಳುವುದರಿಂದ ಬಂಪ್ ಸ್ಟಾಪನ್ನೂ ಅಷ್ಟೇ ಉದ್ದಗೊಳಿಸಬೇಕು. ಚಕ್ರದ ಏರಿಕೆಯನ್ನು ತಡೆಯಬೇಕಾದುದು ಬಂಪ್ ಸ್ಟಾಪ್‌ನ ರಬ್ಬರೇ ಹೊರತು ಶಾಕ್‌ನ ಒಡಲಲ್ಲ. ಅದನ್ನು ಮರೆತರೆ ಮೊದಲ ದೊಡ್ಡ ಗುಂಡಿಯಲ್ಲಿಯೇ ಶಾಕ್‌ನೊಳಗಿನ ಕವಾಟ ಜಖಂ ಆಗುತ್ತದೆ. ಇನ್ನೊಂದು ತುದಿಯಲ್ಲಿ, ಶಾಕ್ ಅತಿ ಉದ್ದವಾದರೆ ಸ್ಪ್ರಿಂಗ್ ತನ್ನ ಪೀಠದಿಂದ ಕಳಚಬಹುದು, ಬ್ರೇಕ್ ಹೋಸ್ ಎಳೆದು ಹರಿಯಬಹುದು. ಶಾಕ್ ಓರೆಯಾಗಿ ಕುಳಿತ ವಾಹನಗಳಲ್ಲಿ ಚಕ್ರದ ಚಲನೆ 100 ಆದರೆ ಶಾಕ್‌ನ ಚಲನೆ ಅದಕ್ಕಿಂತ ಕಡಿಮೆ. ಆದ್ದರಿಂದ ಪುಸ್ತಕದ ಲೆಕ್ಕಕ್ಕಿಂತ ವಾಹನದ ಮೇಲಿನ ಅಳತೆಯೇ ಪ್ರಮಾಣ. ಅನುಭವಿ ಗ್ಯಾರೇಜಿನವರು ಸ್ಪ್ರಿಂಗ್ ತೆಗೆದಿಟ್ಟು, ಆಕ್ಸಲನ್ನು ಜಾಕ್‌ನಿಂದ ಬಂಪ್ ಸ್ಟಾಪ್‌ವರೆಗೆ ಎತ್ತಿಯೂ ಬ್ರೇಕ್ ಹೋಸ್ ಬಿಗಿಯಾಗುವವರೆಗೆ ಇಳಿಸಿಯೂ ಶಾಕ್‌ನ ಎರಡು ಬೋಲ್ಟುಗಳ ನಡುವಿನ ಅಂತರವನ್ನು ಅಳೆಯುತ್ತಾರೆ. ಹೀಗೆ ಅಳೆಯದೆ ಫೋನಿನಲ್ಲಿಯೇ ಆರ್ಡರ್ ಪಡೆಯುವ ಅಂಗಡಿಯಿಂದ ದೂರವಿರುವುದು ಲೇಸು.

ಒಂದು ಕೊಳವೆಯೋ ಎರಡೋ?

ಎರಡು ಕೊಳವೆಗಳ ಶಾಕ್‌ನಲ್ಲಿ ಒಳಗಿನ ಕೊಳವೆಯಲ್ಲಿ ಪಿಸ್ಟನ್, ಹೊರಗಿನದರಲ್ಲಿ ಹೆಚ್ಚುವರಿ ಎಣ್ಣೆ ಮತ್ತು ಅನಿಲ. ಕಲ್ಲು ಬಡಿದು ಹೊರಕೊಳವೆ ತಗ್ಗಾದರೂ ಕೆಲಸ ಸಾಗುತ್ತದೆ, ಬೆಲೆಯೂ ಮಿತ. ಸತತ ಕುಲುಕಿನಲ್ಲಿ ಎಣ್ಣೆಗೆ ಅನಿಲ ಬೆರೆತು ನೊರೆಯಾದರೆ ಮಾತ್ರ ಹಿಡಿತ ಸಡಿಲುತ್ತದೆ. ಇದನ್ನು ತಡೆಯಲು ಕೆಲವು ತಯಾರಕರು ಅನಿಲದ ಬದಲು ಫೋಮ್ ತುಂಬುತ್ತಾರೆ. ಒಂದೇ ಕೊಳವೆಯ ಶಾಕ್‌ನಲ್ಲಿ ತೇಲುವ ಪಿಸ್ಟನ್ನೊಂದು ಎಣ್ಣೆಯನ್ನೂ ಒತ್ತಡದ ನೈಟ್ರೋಜನ್ ಅನಿಲವನ್ನೂ ಬೇರ್ಪಡಿಸಿರುತ್ತದೆ. 1950ರ ದಶಕದಲ್ಲಿ ಫ್ರಾನ್ಸಿನ ಡಿ ಕಾರ್ಬನ್‌ನ ಕಲ್ಪನೆಯನ್ನು ಜರ್ಮನಿಯ ಬಿಲ್‌ಸ್ಟೀನ್ ಸಂಸ್ಥೆ ಬಳಕೆಗೆ ತಂದದ್ದು ಈ ವಿನ್ಯಾಸ. ಗಾಳಿಗೆ ನೇರವಾಗಿ ಒಡ್ಡಿಕೊಂಡಿರುವುದರಿಂದ ಬೇಗ ತಣಿಯುತ್ತದೆ, ನೊರೆಯ ತೊಂದರೆಯಿಲ್ಲ. ಆದರೆ ಕೊಳವೆಗೆ ಪೆಟ್ಟು ಬಿದ್ದು ಒಳಗೆ ತಗ್ಗಾದರೆ ಪಿಸ್ಟನ್ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಪಕ್ಕದಲ್ಲಿ ಪ್ರತ್ಯೇಕ ಎಣ್ಣೆಯ ಡಬ್ಬಿಯಿರುವ ದುಬಾರಿ ಶಾಕ್‌ಗಳು ಅಂಗಡಿಯ ಗಾಜಿನ ಕಪಾಟಿನಲ್ಲಿ ಸೊಗಸಾಗಿ ಕಾಣುತ್ತವೆ. ಅವು ಮರುಭೂಮಿಯಲ್ಲಿ, ಉಬ್ಬುತಗ್ಗಿನ ದಾರಿಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡುವ ವಾಹನಗಳಿಗಾಗಿ ಹುಟ್ಟಿದವು. ಗಂಟೆಗೆ 10–15 ಕಿ.ಮೀ. ವೇಗದಲ್ಲಿ ತೋಟದ ಏರು ಹತ್ತುವ ಜೀಪಿನ ಶಾಕ್ ಅಷ್ಟು ಕಾಯುವುದೇ ಇಲ್ಲ. ಮಲೆನಾಡಿನ ಬಳಕೆಗೆ ಸರಿಯಾದ ಉದ್ದದ, ಒಳ್ಳೆಯ ಎರಡು ಕೊಳವೆಗಳ ಶಾಕ್ ಸಾಲುತ್ತದೆ. ಉಳಿದ ಹಣವನ್ನು ಟೈರಿಗೆ ಹಾಕುವುದು ಉತ್ತಮ.

ಅಂಗಡಿಯವರು ಸಾಮಾನ್ಯವಾಗಿ ಕೇಳದ, ಆದರೆ ಗ್ರಾಹಕರು ತಾವಾಗಿಯೇ ಹೇಳಬೇಕಾದ ಸಂಗತಿ ಭಾರ. ಲಿಫ್ಟ್ ಸ್ಪ್ರಿಂಗ್‌ಗಳನ್ನು ಸದಾ ಇರುವ ಹೆಚ್ಚುವರಿ ಭಾರಕ್ಕೆ ತಕ್ಕಂತೆ ಬೇರೆ ಬೇರೆ ಬಿಗುವಿನಲ್ಲಿ ತಯಾರಿಸುತ್ತಾರೆ. ಜಿಮ್ನಿಯ ಸ್ವಂತ ತೂಕ ಸುಮಾರು 1200 ಕಿ.ಗ್ರಾಂ. ಮಾತ್ರ. ಕಬ್ಬಿಣದ ಬಂಪರ್, ವಿಂಚ್ ಇವುಗಳ ನೂರು ಕಿಲೋ ಭಾರಕ್ಕೆಂದು ತಯಾರಾದ ಸ್ಪ್ರಿಂಗನ್ನು ಖಾಲಿ ವಾಹನಕ್ಕೆ ಹಾಕಿದರೆ ಎತ್ತರ ನಿಗದಿಗಿಂತ ಹೆಚ್ಚಾಗುವುದಲ್ಲದೆ ವಾಹನ ಬಂಡಿಯಂತೆ ಎಗರುತ್ತದೆ. ಬಿಗಿಯಾದ ಸ್ಪ್ರಿಂಗ್ ಹಿಂದಕ್ಕೆ ಚಿಮ್ಮುವ ಬಲವೂ ಹೆಚ್ಚು. ಆದ್ದರಿಂದ ಬಿಚ್ಚುವಾಗಿನ ತಡೆ ಅದಕ್ಕೆ ಹೊಂದುವ ಶಾಕನ್ನು ಅದೇ ತಯಾರಕರಿಂದ, ಅದೇ ಸ್ಪ್ರಿಂಗ್‌ನ ಜೋಡಿಯಾಗಿ ಕೊಳ್ಳುವುದು ಕ್ಷೇಮ. ಒಬ್ಬರ ಸ್ಪ್ರಿಂಗ್, ಇನ್ನೊಬ್ಬರ ಶಾಕ್ ಎಂಬ ಉಳಿತಾಯ ಕೊನೆಗೆ ಎರಡು ಸಲದ ಖರ್ಚಾಗುವುದೇ ಹೆಚ್ಚು.

ಇಡಿಯಾದ ಮುಂದಿನ ಆಕ್ಸಲ್ ಇರುವ ವಾಹನಗಳನ್ನು ಎತ್ತರಿಸಿದಾಗ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ ಕುಗ್ಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದೆ ಹೆದ್ದಾರಿಯಲ್ಲಿ ಅಲೆದಾಡುತ್ತದೆ. ಪ್ಯಾನ್‌ಹಾರ್ಡ್ ರಾಡಿನಿಂದಾಗಿ ಆಕ್ಸಲ್ ಒಂದು ಪಕ್ಕಕ್ಕೂ ಸರಿಯುತ್ತದೆ. ಕ್ಯಾಸ್ಟರ್ ಸರಿಪಡಿಸುವ ಬುಷ್, ಉದ್ದ ಹೊಂದಿಸಬಹುದಾದ ರಾಡ್, ಉದ್ದನೆಯ ಬ್ರೇಕ್ ಹೋಸ್ ಇವು ಕಿಟ್‌ನ ಬೆಲೆಯಲ್ಲಿ ಸೇರಿವೆಯೇ ಎಂದು ಕೊಟೇಶನ್ ಪಡೆಯುವಾಗಲೇ ವಿಚಾರಿಸಬೇಕು.

ಚಕ್ರ ಮತ್ತು ಟೈರು

ಜಿಮ್ನಿಯ ಮೂಲ ಟೈರು 195/80 ಆರ್ 15. ಇದರ ವ್ಯಾಸ ಲೆಕ್ಕ ಹಾಕುವುದು ಸುಲಭ: 195ರ ಶೇ. 80 ಎಂದರೆ 156 ಮಿ.ಮೀ.; ಅದರ ಎರಡರಷ್ಟು 312; 15 ಅಂಗುಲದ ಡಿಸ್ಕಿನ 381 ಸೇರಿ 693 ಮಿ.ಮೀ. ಬಹುವಾಗಿ ಮಾರಾಟವಾಗುವ 235/75 ಆರ್ 15 ಟೈರಿನ ವ್ಯಾಸ 733.5 ಮಿ.ಮೀ. ವ್ಯತ್ಯಾಸ 40.5; ಆಕ್ಸಲ್ ಏರುವುದು ಅದರ ಅರ್ಧ, ಸುಮಾರು 20 ಮಿ.ಮೀ. ಸಣ್ಣದೆನಿಸಿದರೂ ಡಿಫರೆನ್ಶಿಯಲ್‌ನ ಅಡಿಯಲ್ಲಿ ಸಿಗುವ ನಿಜವಾದ ಎತ್ತರ ಇದೊಂದೇ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸುತ್ತಳತೆ ಶೇ. 5.8ರಷ್ಟು ಹೆಚ್ಚಿದ್ದರಿಂದ ಸ್ಪೀಡೋಮೀಟರ್ 80 ತೋರಿಸುವಾಗಿನ ವೇಗ ಮೊದಲಿಗಿಂತ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುತ್ತದೆ. ಮೊದಲು ಮೀಟರ್ ಸರಿಯಾಗಿದ್ದರೆ ಈಗಿನ ವೇಗ ಸುಮಾರು 85. ಓಡಿದ ಕಿಲೋಮೀಟರ್ ಕಡಿಮೆ ದಾಖಲಾಗುವುದರಿಂದ ಬಾಡಿಗೆ ವಾಹನದ ಡೀಸೆಲ್, ಪೆಟ್ರೋಲ್ ಲೆಕ್ಕವೂ ತಪ್ಪುತ್ತದೆ. ಎಲ್ಲ ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ದುರ್ಬಲವಾದಂತೆ ಆಗಿ, ಏರಿನಲ್ಲಿ ಕ್ಲಚ್ ಹೆಚ್ಚು ಸವೆಯುತ್ತದೆ. ಬ್ರೇಕಿನ ಮೇಲಿನ ಹೊರೆಯೂ ಏರುತ್ತದೆ. ಮೇಲಾಗಿ 235/75 ಟೈರು ಸಾಮಾನ್ಯವಾಗಿ ಕನಿಷ್ಠ 6 ಅಂಗುಲ ಅಗಲದ ಡಿಸ್ಕನ್ನು ಬೇಡುತ್ತದೆ. ಜಿಮ್ನಿಯ ಡಿಸ್ಕು 5.5 ಅಂಗುಲ. ಆದ್ದರಿಂದ ಡಿಸ್ಕುಗಳನ್ನೂ ಬದಲಿಸಬೇಕು. 215/75 ಆರ್ 15 ಟೈರಾದರೆ ಮೂಲ ಡಿಸ್ಕಿಗೇ ಕೂರುತ್ತದೆ. ವ್ಯಾಸ 703.5, ಆಕ್ಸಲ್ ಏರುವುದು 5 ಮಿ.ಮೀ. ಮಾತ್ರ. ಎತ್ತರದ ಮೋಹವಿಲ್ಲದೆ ಕೆಸರಿನ ಹಿಡಿತವಷ್ಟೇ ಬೇಕಾದ ತೋಟಗಾರರಿಗೆ ಮಿತವ್ಯಯದ ದಾರಿ ಇದೇ.

ಡಿಸ್ಕು ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ ಹಾಗೂ ವೃತ್ತ ಸರಿಯಿದ್ದರೆ ಸಾಕೆಂಬ ಭಾವನೆಯಿದೆ. ಜಿಮ್ನಿಗೆ ಅದು 139.7 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟು. ಆದರೆ ಹಬ್ಬಿನ ರಂಧ್ರದ ಅಳತೆ ಮತ್ತು ಆಫ್‌ಸೆಟ್ ಕೂಡ ಅಷ್ಟೇ ಮುಖ್ಯ. ಡಿಸ್ಕು ಹಬ್ಬಿಗೆ ಕೂರುವ ಮುಖ, ಡಿಸ್ಕಿನ ಅಗಲದ ನಡುಗೆರೆಯಿಂದ ಎಷ್ಟು ಹೊರಗೆ ಅಥವಾ ಒಳಗೆ ಇದೆಯೆಂಬುದೇ ಆಫ್‌ಸೆಟ್. ಅಧಿಕ 5ರ ಆಫ್‌ಸೆಟ್ಟಿನ 5.5 ಅಂಗುಲದ ಡಿಸ್ಕನ್ನು ತೆಗೆದು, ಋಣ 20ರ ಆಫ್‌ಸೆಟ್ಟಿನ 7 ಅಂಗುಲದ ಡಿಸ್ಕು ಹಾಕಿದರೆ ಚಕ್ರದ ನಡುಗೆರೆ 25 ಮಿ.ಮೀ. ಹೊರಬರುತ್ತದೆ. ಅಗಲ ಹೆಚ್ಚಿದ್ದರಿಂದ ಪ್ರತಿ ಪಕ್ಕದಲ್ಲಿ ಮತ್ತೆ 19. ಒಟ್ಟು ಹೊರ ಅಂಚು 44 ಮಿ.ಮೀ. ಆಚೆ ಚಾಚುತ್ತದೆ. ಬೇರಿಂಗಿನ ಮೇಲೆ ಸನ್ನೆಕೋಲಿನಂತೆ ಭಾರ ಬೀಳುತ್ತದೆ, ಸ್ಟೀರಿಂಗ್ ಜಗ್ಗುತ್ತದೆ, ಮಡ್‌ಗಾರ್ಡಿನಿಂದ ಹೊರಗೆ ಇಣುಕುವ ಟೈರು ಕಲ್ಲು ಕೆಸರನ್ನು ಹಿಂದಿನವರ ಮೇಲೆ ಎರಚುತ್ತದೆ.

ಟೈರಿನ ಪಕ್ಕದಲ್ಲಿರುವ ಭಾರಸೂಚಿ ಮೂಲಕ್ಕಿಂತ ಕಡಿಮೆಯಿರಬಾರದು. ಜಿಮ್ನಿಯ ಟೈರಿನದು 96, ಅಂದರೆ ಪ್ರತಿ ಟೈರಿಗೆ 710 ಕಿ.ಗ್ರಾಂ. ಡಿಸ್ಕು ಉಕ್ಕಿನದಾದರೆ ಪೆಟ್ಟಿಗೆ ಬಾಗುತ್ತದೆ, ಊರಿನ ಗ್ಯಾರೇಜಿನಲ್ಲಿ ಬಡಿದು ನೇರ ಮಾಡಬಹುದು. ಅಲಾಯ್ ಹಗುರವಾಗಿದ್ದರೂ ಬಲವಾದ ಪೆಟ್ಟಿಗೆ ಬಿರಿಯುತ್ತದೆ. ತೋಟದ ಕೆಲಸಕ್ಕೆ ಉಕ್ಕು ಹಳೆಯ ಮಾತಾದರೂ ಸರಿಯಾದ ಮಾತು.

ಎತ್ತರಿಸಿದ ವಾಹನದ ಗುರುತ್ವಕೇಂದ್ರ ಮೇಲೇರುವುದನ್ನೂ ಅಂಕಿಗಳಲ್ಲಿ ಕಾಣಬಹುದು. ಎಡಬಲ ಚಕ್ರಗಳ ನಡುವಿನ ಅಂತರ 1400 ಮಿ.ಮೀ., ಗುರುತ್ವಕೇಂದ್ರದ ಎತ್ತರ 700 ಎಂದಿಟ್ಟುಕೊಂಡರೆ, ನಿಂತ ವಾಹನ ಪಕ್ಕಕ್ಕೆ ಉರುಳುವ ಕೋನ 45 ಡಿಗ್ರಿ. ಎತ್ತರ 750 ಆದರೆ ಸುಮಾರು 43. ನಿಂತ ವಾಹನದಲ್ಲಿ ಎರಡೇ ಡಿಗ್ರಿ. ಆದರೆ ಆರು ಜನ ಪ್ರವಾಸಿಗರನ್ನು ಹೊತ್ತು ಘಟ್ಟದ ತಿರುವಿನಲ್ಲಿ ಸಾಗುವಾಗ ಸ್ಪ್ರಿಂಗ್‌ನ ವಾಲುವಿಕೆಯೂ ಅದಕ್ಕೆ ಕೂಡುತ್ತದೆ.

ಕಾನೂನಿನ ನಿಲುವು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡೂ ವಿಧಿಸಬಹುದು. ಸರ್ಕಾರ ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗ ನಿಯಮಕ್ಕೆ ಅನುಗುಣವಾಗಿಲ್ಲದಿದ್ದರೆ, ಅದನ್ನು ಮಾರುವವರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ರೂ. 1 ಲಕ್ಷ ದಂಡ ಅಥವಾ ಎರಡೂ ಆಗಬಹುದು. ದಂಡದ ಭಾರ ಮಾಲೀಕನಿಗಿಂತ ಅಂಗಡಿಯವರ ಮೇಲೆಯೇ ಹೆಚ್ಚೆಂಬುದನ್ನು ವ್ಯಾಪಾರಸ್ಥರು ಗಮನಿಸಬೇಕು.

ತೋಟದೊಳಗೇ ಓಡುವ ವಾಹನಕ್ಕೆ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಎರಡು ತೋಟಗಳ ನಡುವಿನ ಸರ್ಕಾರಿ ರಸ್ತೆಯನ್ನು ದಾಟದ ಜೀಪು ಅಪರೂಪ. ತಯಾರಕರೇ ಅದೇ ಮಾದರಿಯ ಬೇರೊಂದು ಆವೃತ್ತಿಗೆ ಕೊಡುವ ಟೈರಿನ ಗಾತ್ರವನ್ನು ಮೀರದಿರುವುದು, ಎತ್ತರಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು, ವಿಮಾ ಕಂಪನಿಗೆ ಬದಲಾವಣೆಯನ್ನು ಪತ್ರಮುಖೇನ ತಿಳಿಸಿ ಸ್ವೀಕೃತಿ ಪಡೆಯುವುದು ಇವು ಕನಿಷ್ಠ ಎಚ್ಚರಿಕೆಗಳು. ತಿಳಿಸದ ಮಾರ್ಪಾಡು ಅಪಘಾತದ ನಂತರ ಸರ್ವೇಯರ್‌ನ ವರದಿಯಲ್ಲಿ ಕಾಣಿಸಿಕೊಂಡರೆ ಸ್ವಂತ ಹಾನಿಯ ಕ್ಲೇಮು ವಿವಾದಕ್ಕೆ ಸಿಲುಕುತ್ತದೆ. ತಯಾರಕರ ವಾರಂಟಿಯೂ ಅಷ್ಟೆ.

ಸಣ್ಣ ಉದ್ಯಮಿಗಳಿಗೆ ಒಂದು ಮಾತು. ಲೇತ್‌ನಲ್ಲಿ ಅಲ್ಯೂಮಿನಿಯಂ ತುಂಡನ್ನು ಕೊರೆದು ಸ್ಪೇಸರ್ ಮಾಡುವುದು ಪೀಣ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಕಷ್ಟವಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಉತ್ಪನ್ನದ ದೋಷದಿಂದಾದ ಹಾನಿಗೆ ತಯಾರಕ, ಮಾರಾಟಗಾರ, ಸೇವೆ ಒದಗಿಸಿದವ ಮೂವರನ್ನೂ ಹೊಣೆ ಮಾಡಬಲ್ಲದು. ನಕ್ಷೆ, ಲೋಹದ ಪರೀಕ್ಷಾ ಪತ್ರ, ಬ್ಯಾಚ್ ಸಂಖ್ಯೆ ಇವುಗಳಿಲ್ಲದೆ ಚಕ್ರಕ್ಕೆ ಸಂಬಂಧಿಸಿದ ಯಾವ ಭಾಗವನ್ನೂ ಕಾರ್ಖಾನೆಯಿಂದ ಹೊರಗೆ ಕಳಿಸಬಾರದು.

ತೆರಿಗೆ ಮತ್ತು ಲೆಕ್ಕಪತ್ರ

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಏಕರೂಪವಾಗಿ ಶೇ. 18ಕ್ಕೆ ಬಂದಿತು. ಅದಕ್ಕೆ ಮೊದಲು ಇವುಗಳಲ್ಲಿ ಬಹುಭಾಗಕ್ಕೆ ಶೇ. 28 ಇತ್ತು. ಆ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯಬಹುದೇ ಎಂಬುದು ವಾಹನದ ಬಗೆಯನ್ನು ಅವಲಂಬಿಸಿದೆ. ಚಾಲಕನೂ ಸೇರಿ 13 ಜನರಿಗೆ ಮೀರದ ಪ್ರಯಾಣಿಕ ವಾಹನದ ದುರಸ್ತಿ, ನಿರ್ವಹಣೆ ಹಾಗೂ ವಿಮೆಯ ಸೇವೆಗಳ ಮೇಲಿನ ಜಮೆಯನ್ನು 17(5)ನೆಯ ಕಲಮು ಸಾಮಾನ್ಯವಾಗಿ ತಡೆಯುತ್ತದೆ. ಥಾರ್, ಜಿಮ್ನಿ ಎರಡೂ ಈ ವರ್ಗದವು. ಸರಕು ಸಾಗಣೆಯ ಪಿಕ್‌ಅಪ್ ವಾಹನಕ್ಕೆ ಈ ತಡೆಯಿಲ್ಲ. ಬಿಡಿಭಾಗಗಳನ್ನು ಮಾರಾಟಕ್ಕಾಗಿಯೇ ಕೊಂಡ ವರ್ತಕರಿಗೆ ಜಮೆ ಎಂದಿನಂತೆ ದೊರೆಯುತ್ತದೆ.

ಆದಾಯ ತೆರಿಗೆಯಲ್ಲಿ ಸವೆದ ಶಾಕ್ ತೆಗೆದು ಅದೇ ದರ್ಜೆಯ ಹೊಸದನ್ನು ಹಾಕಿದರೆ ಅದು ಚಾಲ್ತಿ ದುರಸ್ತಿ, ಆ ವರ್ಷದ ಖರ್ಚು. ಇದ್ದ ಆಸ್ತಿಯನ್ನು ಕಾಪಾಡಿಕೊಳ್ಳುವುದೇ ದುರಸ್ತಿ, ಹೊಸ ಅನುಕೂಲ ಪಡೆಯುವುದಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟು 2007ರಲ್ಲಿ ನೂಲಿನ ಗಿರಣಿಯೊಂದರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಲಿಫ್ಟ್ ಕಿಟ್, ದೊಡ್ಡ ಡಿಸ್ಕು ಇವನ್ನು ವಾಹನದ ಮೂಲ ಬೆಲೆಗೆ ಸೇರಿಸಿ ಸವಕಳಿ ಪಡೆಯುವುದೇ ಸರಿಯಾದ ಕ್ರಮ. ಎಲ್ಲವನ್ನೂ 'ವಾಹನ ದುರಸ್ತಿ' ಖಾತೆಗೆ ತುಂಬುವ ಅಭ್ಯಾಸ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಭಾನುವಾರದ ವಿಹಾರಕ್ಕೂ ಅದೇ ಜೀಪು ಹೋಗುತ್ತಿದ್ದರೆ ಸ್ವಂತ ಬಳಕೆಯ ಪಾಲನ್ನು ಬಿಡಬೇಕಾಗುತ್ತದೆ.

ಬಿಲ್ಲಿನಲ್ಲಿ 'ಸಸ್ಪೆನ್ಷನ್ ಕೆಲಸ' ಎಂಬ ಒಂದೇ ಸಾಲು ಒಪ್ಪಬಾರದು. ಸ್ಪ್ರಿಂಗ್, ಶಾಕ್, ಬುಷ್, ಟೈರು, ಕೂಲಿ ಇವುಗಳ ಬೆಲೆ ಹಾಗೂ ಭಾಗಸಂಖ್ಯೆ ಪ್ರತ್ಯೇಕವಾಗಿರಲಿ. ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಮನೆಗೆ ತರಬೇಕು, ಮಾರುವಾಗಲೋ ಸಾರಿಗೆ ಇಲಾಖೆ ಆಕ್ಷೇಪಿಸಿದಾಗಲೋ ಬೇಕಾಗುತ್ತವೆ. ಕೆಲಸ ಮುಗಿದ ದಿನವೇ ಹೆಡ್‌ಲೈಟಿನ ದಿಕ್ಕು ಸರಿಪಡಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗಿರುವ ಎತ್ತರವನ್ನು ಅಳೆದು ಬಿಲ್ಲಿನ ಹಿಂಬದಿ ಬರೆಸಿಕೊಳ್ಳಬೇಕು. ಮೊದಲ 100 ಕಿ.ಮೀ. ನಂತರ ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಬಿಗಿಗೊಳಿಸಿ, ಸ್ಪ್ರಿಂಗ್ ಕುಳಿತ ಮೇಲೆ, ಸುಮಾರು 500 ಕಿ.ಮೀ.ಗೆ, ಅಲೈನ್‌ಮೆಂಟನ್ನೂ ಆ ನಾಲ್ಕು ಎತ್ತರಗಳನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು.